ತಟ್ಟಲು ಗುಂಡಿಯಿಲ್ಲದ ಆಟ

ಬೀಗದಕ್ಕ ಬುಧವಾರ ಬೆಳಗಿನ ಜಾವ ತೀರಿಕೊಂಡಳು. ಹೃದಯಾಘಾತ ಎಂದು ವೈದ್ಯರು ಬರೆದುಕೊಟ್ಟರು. ಐವತ್ತು ದಾಟಿತ್ತು. ಮನೆಯಲ್ಲಿ ಅವಳೊಬ್ಬಳೇ ಇದ್ದಳು.

ಒಬ್ಬಳೇ ಇದ್ದಾಗ ಸಾಯುವುದು ಅವಳ ಬದುಕಿನ ದೊಡ್ಡ ಹೆದರಿಕೆಯಾಗಿತ್ತು. ಮುಚ್ಚಿದ ಬಾಗಿಲ ಹಿಂದೆ ಸತ್ತು, ವಾಸನೆಯೇ ಹೊರಗೆ ಹೋಗಿ ಸುದ್ದಿ ಹೇಳುವವರೆಗೆ ಯಾರಿಗೂ ತಿಳಿಯದೆ ಬಿದ್ದಿರುವುದನ್ನು ನೆನೆದು ಅವಳು ನಡುರಾತ್ರಿ ಎದ್ದು ಕೂರುತ್ತಿದ್ದಳು. ಇದು ಅವಳಿಗೆ ಸುಮ್ಮನೆ ಹುಟ್ಟಿದ ಹೆದರಿಕೆಯಲ್ಲ. ಕೆಲಸ ಕಲಿಸಿದ್ದು.

ಅವಳ ಬೀಗದ ಅಂಗಡಿ ಎಂದರೆ ಔಷಧಿ ಅಂಗಡಿಯ ಮಗ್ಗುಲಿಗೆ, ಮಹಡಿ ಮೆಟ್ಟಿಲ ಕೆಳಗಿನ ಒಂದು ಸಂದಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಗೋಡೆಯ ತುಂಬ ಇನ್ನೂ ಕೊರೆಯದ ಖಾಲಿ ಕೀಗಳು ತೂಗುತ್ತಿದ್ದವು. ‘ಹಲ್ಲು ಬರದ ಕೂಸುಗಳು ಇವು. ಹಲ್ಲು ಬರ್ಸಿ ಕಳಿಸ್ತೀನಿ, ಮನೆಗೆ ಹೋಗಿ ಕಚ್ತಾವೆ’ ಎನ್ನುತ್ತಿದ್ದಳು. ಎದುರುಗಡೆ ಹಳೆಯ ಪುಸ್ತಕದ ಅಂಗಡಿ. ಅದನ್ನು ನಡೆಸುವವಳು ಅವಳ ಗೆಳತಿ, ಬೀದಿಯವರಿಗೆಲ್ಲ ಪುಸ್ತಕದವಳು. ಗಿರಾಕಿ ಇಲ್ಲದಾಗ ಇಬ್ಬರೂ ರಸ್ತೆಯ ಆಚೆ ಈಚೆಯಿಂದಲೇ ಕೂಗಿ ಮಾತಾಡುತ್ತಿದ್ದರು.

ಅಪ್ಪ ಬಿಟ್ಟುಹೋದ ಕಸುಬಿನ ಜೊತೆಗೆ ಅಪ್ಪನ ಒಂದು ಪದ್ಧತಿಯೂ ಅವಳಿಗೆ ಬಂದಿತ್ತು. ಯಾರ ಮನೆ ತೆಗೆಯಲು ಕರೆದರೂ ಸರಿ, ಒಳಗೆ ಯಾರೂ ಇಲ್ಲವೆಂದು ಮಾಲೀಕನೇ ಆಣೆ ಇಟ್ಟರೂ ಸರಿ, ಮೊದಲು ಮೂರು ಸಲ ತಟ್ಟಬೇಕು. ಬಾಗಿಲಿಗೆ ಕಿವಿ ಇಡಬೇಕು. ‘ಬೀಗದವಳು ಬಂದಿದೀನಿ, ತೆಗೀತಾ ಇದೀನಿ’ ಎಂದು ಹೇಳಬೇಕು. ಆಮೇಲೆ ಸಾಮಾನು ಮುಟ್ಟಬೇಕು. ಒಮ್ಮೆ ಕೀ ಕಳೆದುಕೊಂಡ ಗುಮಾಸ್ತನೊಬ್ಬ ತನ್ನದೇ ಬಾಗಿಲ ಮುಂದೆ ನಿಂತು ನಕ್ಕಿದ್ದ.

‘ಅಲ್ಲಮ್ಮಾ, ಇರೋನು ನಾನೊಬ್ನೇ, ಇಲ್ಲೇ ನಿಂತಿದೀನಿ. ಒಳಗಿಂದ ಯಾರು ಓ ಅಂತಾರೆ?’

‘ಓ ಅಂದ್ರೆ ನಾನು ಸಾಮಾನು ಬಿಟ್ಟು ಓಡ್ತೀನಿ ಅಣ್ಣಾ. ಅನ್ನಲ್ಲ ಅಂತ ಗೊತ್ತಾಗ್ಬೇಕಲ್ಲ, ಅದಕ್ಕೇ ತಟ್ಟೋದು.’

ಬೀಗ ತೆಗೆಯುವವಳಿಗೆ ಬೀಗದ ಮೇಲೆ ನಂಬಿಕೆ ಇರುವುದಿಲ್ಲ. ಎಂಥ ಬೀಗವಾದರೂ ಒಂದು ಬೀಡಿ ಸೇದುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹಿತ್ತಿಲ ಮೆಟ್ಟಿಲ ಮೇಲಿನ ಒಂದೇ ಕೋಣೆಯ ಮನೆ ಅವಳದು. ಅಡಿಗೆಯೂ ಅದರ ಮೂಲೆಯಲ್ಲೇ. ಅಮ್ಮ ತೀರಿಕೊಂಡ ವರ್ಷ ಒಂದು ಸಂಜೆ ಯಾರೋ ಮೆಟ್ಟಿಲು ಹತ್ತಿ ಬಂದು, ಬಾಗಿಲ ಹಿಡಿ ತಿರುಗಿಸಿ ನೋಡಿ, ಅವಸರವಿಲ್ಲದೆ ಇಳಿದು ಹೋದರು. ಯಾರೆಂದು ಕೊನೆಗೂ ತಿಳಿಯಲಿಲ್ಲ. ಮರುದಿನವೇ ಅವಳು ಒಳಗಡೆ ಮೂರು ಚಿಲಕ ಹಾಕಿಸಿದಳು. ಒಂದು ಪಾದದ ಹತ್ತಿರ, ಒಂದು ನಡುವೆ, ಇನ್ನೊಂದು ಬಾಗಿಲಿನ ನೆತ್ತಿಯಲ್ಲಿ. ಮೇಲಿನದಕ್ಕೆ ಮರದ ಸ್ಟೂಲು ಹತ್ತದೆ ಕೈ ಎಟುಕುತ್ತಿರಲಿಲ್ಲ. ಹಾಕಿ ಇಳಿದ ಮೇಲೆ ಸ್ಟೂಲನ್ನು ಎಳೆದು ಒಲೆಯ ಪಕ್ಕ ಇಡುತ್ತಿದ್ದಳು. ಕೆಳಗಿನದನ್ನು ತಂತಿ ತೂರಿಸಿ ಎಳೆಯಬಹುದು, ನಡುವಿನದನ್ನು ಕೊಯ್ಯಬಹುದು, ಮೇಲಿನದಕ್ಕೆ ಮಾತ್ರ ಬಾಗಿಲನ್ನೇ ಮುರಿಯಬೇಕು ಎಂದು ಗೆಳತಿಯ ಹತ್ತಿರ ಜಂಬ ಕೊಚ್ಚಿಕೊಂಡಿದ್ದಳು.

ಆ ಜಂಬ ಇಳಿಸಿದ್ದು ದರ್ಜಿಯ ಮನೆ.

ಬೇರೊಂದು ಬೀದಿಯ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂಟಿಯಾಗಿದ್ದ ಮುದುಕ ದರ್ಜಿ ಕೆಲವು ದಿನಗಳಿಂದ ಕಾಣಿಸಲಿಲ್ಲವೆಂದು ಮನೆ ಮಾಲೀಕ ಬಂದು ಕರೆದ. ಅವಳು ಮೂರು ಸಲ ತಟ್ಟಿದಳು. ಕಿವಿಯಿಟ್ಟಳು. ಬೀಗ ಸುಲಭವಾಗಿ ಬಿಚ್ಚಿತು, ಬಾಗಿಲು ಜರುಗಲಿಲ್ಲ. ಒಳಗೆ ಚಿಲಕ ಹಾಕಿತ್ತು. ಸಂದಿಯಲ್ಲಿ ಗರಗಸದ ಅಲಗು ತೂರಿಸಿ ಅದನ್ನೂ ಕೊಯ್ದಳು. ಆಗಲೂ ಬಾಗಿಲು ಅಂಗೈಯಗಲ ತೆರೆದು ನಿಂತಿತು. ಒಳಗೆ ಕುರ್ಚಿಯೊಂದು ಅಡ್ಡ ಬಿದ್ದಿತ್ತು. ವಾಸನೆ ಮೊದಲು ಬಂತು. ಆಮೇಲೆ ಆ ಸಂದಿಯಲ್ಲಿ ಬೆರಳುಗಳು ಕಂಡವು. ಚಿಲಕದ ಕಡೆಗೆ ಚಾಚಿದ ಕೈ. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಸಿಗುತ್ತಿತ್ತು.

ಅಂದಿನಿಂದ ಅವಳದು ಅತ್ತ ದರಿ, ಇತ್ತ ಪುಲಿ. ಮೇಲಿನ ಚಿಲಕ ಹಾಕದಿದ್ದರೆ ಹಿಡಿ ತಿರುಗಿಸಿದವನು ಮತ್ತೆ ಬಂದಾನು. ಹಾಕಿದರೆ ಆ ಗೇಣಿನ ನೆನಪು.

ಅವಳ ತಮ್ಮ ಬಸ್ ಡ್ರೈವರ್. ಒಂದು ಭಾನುವಾರ ತನ್ನ ಹಳೆಯ ಆಟದ ಪೆಟ್ಟಿಗೆಯನ್ನು ತಂದು ಟಿವಿಗೆ ಜೋಡಿಸಿದ.

‘ಮೂರು ಹೊತ್ತೂ ಆ ಬಾಗ್ಲನ್ನೇ ನೋಡ್ತಾ ಕೂತಿರ್ತೀಯಲ್ಲಕ್ಕಾ, ಇದನ್ನಾದ್ರೂ ನೋಡು. ತುಂಬಾ ಬಾಗ್ಲಿದಾವೆ, ನಿನ್ ಕಸುಬೇ.’

ಆಟದ ಹೆಸರು ‘ಬೂದಿಯ ಊರು’. ಲೋಕ ಮುಗಿದುಹೋಗಿರುತ್ತದೆ. ಆಕಾಶದಿಂದ ಬೂದಿ ಉದುರುತ್ತಲೇ ಇರುತ್ತದೆ. ಯಾವ ಬೀದಿಗೆ ಬೇಕಾದರೂ ಹೋಗಬಹುದು, ಯಾವ ಮನೆಗೆ ಬೇಕಾದರೂ ನುಗ್ಗಬಹುದು. ಒಳಗೆ ಡಬ್ಬಿಯ ಊಟ ಸಿಗಬಹುದು, ನೀರು ಸಿಗಬಹುದು, ಇಲ್ಲವೇ ‘ಉಸಿರಿಲ್ಲದವರು’ ಸಿಗಬಹುದು. ಅವರು ಸತ್ತ ಮೇಲೂ ನಡೆದಾಡುವವರು. ಎಲ್ಲೆಲ್ಲೋ ಕೂತು ಆಡುವ ಬೇರೆ ಆಟಗಾರರೂ ಅದೇ ಬೀದಿಗಳಲ್ಲಿ ಅಲೆಯುತ್ತಿರುತ್ತಾರೆ. ಸತ್ತರೆ ಗಳಿಸಿದ್ದೆಲ್ಲ ಮಣ್ಣು, ಮೊದಲಿನಿಂದ ಶುರು.

‘ಹೆದರೋಕೆ ನಿನ್ ಹತ್ರ ಇರೋದು ಸಾಲ್ದೇನೇ? ಟಿವೀಲೂ ತರಿಸ್ಕೋಬೇಕಾ?’ ಎಂದಳು ಪುಸ್ತಕದವಳು.

‘ಇಲ್ಲಿ ಹೆದ್ರಿಕೆ ಆದ್ರೆ ಗುಂಡಿ ಒತ್ತಿ ನಿಲ್ಲಿಸ್ಬಹುದು ಕಣೇ.’

ಭಾನುವಾರ ಮಧ್ಯಾಹ್ನ, ಕಿಟಕಿಯ ಪರದೆ ಸರಿಸಿ, ಬಿಸಿಲು ಒಳಗೆ ಬಿಟ್ಟುಕೊಂಡೇ ಆಡುತ್ತಿದ್ದಳು. ಗೆಳತಿ ಹಿಂದೆ ಪುಸ್ತಕ ಬಿಚ್ಚಿ ಕೂರುತ್ತಿದ್ದಳು. ಒಂದು ಪುಟವೂ ಓದುತ್ತಿರಲಿಲ್ಲ.

ಆಡಿದವರು ಅಭಿಪ್ರಾಯ ಬರೆಯುವ ಪುಟವೊಂದಿತ್ತು. ಅದನ್ನು ಓದುವುದು ಆಟಕ್ಕಿಂತ ಚೆನ್ನಾಗಿತ್ತು. ಅಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಬರೆಯುತ್ತಿರಲಿಲ್ಲ. ಒಂಟಿಚಪ್ಪಲಿ ಎಂಬವರದು ಯಾವಾಗಲೂ ಗೋಳು: ‘ಇಷ್ಟು ದೊಡ್ಡ ಊರು ಮಾಡಿದ್ದೀರಿ, ನಡೆದು ನಡೆದು ಹೆಬ್ಬೆರಳು ಸವೆಯಿತು, ಒಂದು ಸೈಕಲ್ಲಾದರೂ ಇಡಬಾರದೇ?’ ಇನ್ನೊಬ್ಬರು ಬರೆದಿದ್ದರು: ‘ಭಯ ಸಾಲದು. ಉಸಿರಿಲ್ಲದವರು ಊಟಕ್ಕೆ ಏಳುವ ನಮ್ಮ ಮಾವನಿಗಿಂತ ನಿಧಾನ.’ ಎಲ್ಲರಿಗಿಂತ ಗಟ್ಟಿ ಗಂಟಲು ಗೋಣಿಚೀಲ ಎಂಬವನದು: ‘ಬಾಂಬ್ ಇಡಿ, ನುಗ್ಗಿ, ದೋಚಿ. ಉಳಿದದ್ದೆಲ್ಲ ಅಳುಬುರುಕರಿಗೆ.’

ಬೀಗದಕ್ಕನೂ ಕೊನೆಗೊಂದು ಅಭಿಪ್ರಾಯ ಬರೆದಳು. ಬರೆದು, ಅಳಿಸಿ, ಗೆಳತಿಗೆ ತೋರಿಸಿ, ಮತ್ತೆ ಬರೆದಳು. ‘ಆಟ ಚೆನ್ನಾಗಿದೆ. ಬೂದಿ ನಿಜವಾದ ಬೂದಿ ತರಾನೇ ಬೀಳುತ್ತೆ. ಬಾಗಿಲು ಒದೆಯೋಕೆ ಗುಂಡಿ ಇದೆ, ಹಾರೆಯಲ್ಲಿ ಮೀಟೋಕೆ ಇದೆ, ಸುಡೋಕೂ ಇದೆ. ತಟ್ಟೋಕೆ ಮಾತ್ರ ಇಲ್ಲ. ದಯವಿಟ್ಟು ಕೊಡಿ. ಇಂತಿ, ಬೀಗದಕ್ಕ.’

ಪುಟ ಬಿದ್ದು ಬಿದ್ದು ನಕ್ಕಿತು. ‘ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಇವರು ಲೋಕ ಮುಳುಗಿದ ಮೇಲೆ ಬಾಗಿಲು ತಟ್ಟುತ್ತಾರಂತೆ.’ ‘ಗಂಟೆ ಸಾಕಾ, ಕಾಲೊರೆಸೋ ಚಾಪೆಯೂ ಬೇಕಾ?’ ಗೋಣಿಚೀಲ ಬಿಡುತ್ತಾನೆಯೇ? ‘ಹೆಣ ಎದ್ದು ಬಂದು, ಬನ್ನಿ ಕೂತ್ಕೊಳ್ಳಿ ಅನ್ನುತ್ತಾ?’

ಪುಸ್ತಕದವಳಿಗೆ ಮೈಯೆಲ್ಲ ಉರಿಯಿತು. ಬೀಗದಕ್ಕ ಮಾತ್ರ ನಿಧಾನವಾಗಿ ದರ್ಜಿಯ ವಿಷಯ ಬರೆದಳು. ಕುರ್ಚಿ, ಬೆರಳು, ಒಂದು ಗೇಣು. ‘ಅವತ್ತು ನಾನು ತಟ್ಟಿದಾಗ ಒಳಗೆ ಯಾರೂ ಓ ಅನ್ನಲಿಲ್ಲ. ಆದರೆ ತಟ್ಟಿದ್ದೆ. ಅದೊಂದೇ ನನಗಿರೋ ಸಮಾಧಾನ.’

ಆಮೇಲೆ ಒಂಟಿಚಪ್ಪಲಿ ಬರೆದರು: ‘ಖಾಲಿ ಡಬ್ಬಿ ಎಸೆದರೆ ಸದ್ದಾಗುತ್ತೆ ಅಕ್ಕ. ಬಾಗಿಲಿಗೆ ಮೂರು ಸಲ ಎಸೀರಿ. ತಟ್ಟಿದ ಹಾಗೇ.’

ಅದು ಹಬ್ಬಿತು. ಒಬ್ಬರನ್ನು ನೋಡಿ ಒಬ್ಬರು ಡಬ್ಬಿ ಎಸೆಯತೊಡಗಿದರು. ಅಭಿಪ್ರಾಯಗಳ ಬಣ್ಣವೇ ಬದಲಾಯಿತು. ಗೋಣಿಚೀಲನೂ ಬರೆದ: ‘ಹಟಕ್ಕೆ ಎಸೆದೆ. ಎಸೆದು ಕಾದೆ. ಒಳಗೆ ಏನೋ ಕಾಲೆಳೆದುಕೊಂಡು ಬಾಗಿಲ ಹತ್ತಿರ ಬಂತು. ಬಾಂಬ್ ಇಟ್ಟಾಗ ಇಲ್ಲದ ನಡುಕ ಈಗ ಬಂತಲ್ಲ ಮಾರಾಯ್ರೇ! ಆಟ ಇಷ್ಟು ಭಯಾನಕ ಅಂತ ಗೊತ್ತೇ ಇರಲಿಲ್ಲ.’

ಒಂದು ಭಾನುವಾರ ಬೀಗದಕ್ಕ ಆಟದೊಳಗಿನ ಕಟ್ಟಡವೊಂದರ ಕೊನೆಯ ಮಹಡಿಗೆ ಹತ್ತಿದಳು. ಉದ್ದನೆಯ ಓಣಿ, ತುದಿಯಲ್ಲಿ ಹಸಿರು ಬಾಗಿಲು. ಡಬ್ಬಿ ಎಸೆದಳು. ಠಣ್. ಹೆಕ್ಕಿ ಮತ್ತೆ ಎಸೆದಳು. ಠಣ್. ಮೂರನೆಯದೂ ಆಯಿತು. ಕಾದಳು.

ಒಳಗಿನಿಂದ ಸದ್ದು ಬಂತು. ಠಣ್. ಠಣ್. ಠಣ್.

ಪುಸ್ತಕದವಳ ತೊಡೆಯ ಮೇಲಿನ ಪುಸ್ತಕ ನೆಲಕ್ಕೆ ಬಿತ್ತು.

‘ಉಸಿರಿಲ್ಲದವರು ತಿರುಗಿ ತಟ್ತಾರೇನೇ?’

‘ಇಲ್ಲ.’

‘ಮತ್ತೆ ಇದ್ಯಾರು?’

ಒಳಗಿನ ಸದ್ದು ಮತ್ತೆ ಬಂತು, ಈ ಸಲ ಅವಸರವಾಗಿ, ಒಂದರ ಮೇಲೊಂದು. ಬಾಗಿಲು ಸಣ್ಣಗೆ ಅದುರಿತು. ಬೀಗದಕ್ಕನ ಕಣ್ಣಿಗೆ ಹಸಿರು ಬಾಗಿಲು ಕಾಣಲಿಲ್ಲ. ಅಂಗೈಯಗಲದ ಸಂದಿ ಕಂಡಿತು, ಸಂದಿಯಲ್ಲಿ ಬೆರಳು ಕಂಡವು. ಹಾವು ತುಳಿದವಳ ಹಾಗೆ ಹಿಂದಕ್ಕೆ ತಿರುಗಿ, ಓಣಿ ದಾಟಿ, ಮೆಟ್ಟಿಲಿಳಿದು, ಬೂದಿಯ ಬೀದಿಯ ಕೊನೆಯವರೆಗೆ ಓಡಿದಳು. ಟಿವಿ ಆರಿಸಿದಳು. ನಡುಹಗಲಿನ ಬಿಸಿಲಿನಲ್ಲಿ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತರು.

ಮರುದಿನ ಪುಟದಲ್ಲಿ ಗೋಣಿಚೀಲನ ಬರಹ ಇತ್ತು. ‘ಬೀಗದಕ್ಕ, ನಿನ್ನೆ ಹಸಿರು ಬಾಗಿಲಿಗೆ ಡಬ್ಬಿ ಎಸೆದದ್ದು ನೀವು ತಾನೇ? ಒಳಗೆ ನಾನಿದ್ದೆ. ಬೀರು ಉರುಳಿ ಬಾಗಿಲಿಗೆ ಅಡ್ಡ ಬಿದ್ದಿತ್ತು, ಒಳಗಿಂದ ಅಲ್ಲಾಡಿಸೋಕಾಗಲಿಲ್ಲ. ಕೊನೆಗೆ ನೀರು ಮುಗಿದು ಸತ್ತೆ. ಬೇಜಾರು ಮಾಡ್ಕೋಬೇಡಿ, ಆಟ ತಾನೇ. ಆದ್ರೆ ನೀವು ತಟ್ಟಿದಾಗ ಎಷ್ಟು ಜೀವ ಬಂದಿತ್ತು ಗೊತ್ತಾ.’

ಆಟ ತಾನೇ ಎಂಬ ಮಾತು ಅವಳ ಕಿವಿಗೆ ಇಳಿಯಲಿಲ್ಲ. ಅಂಗಡಿಯಲ್ಲಿ ಕೀಗೆ ಅರ ಉಜ್ಜುತ್ತಿದ್ದವಳು ಕೈ ನಿಲ್ಲಿಸಿ ರಸ್ತೆ ದಾಟಿ ಬಂದಳು.

‘ಕೈಯಲ್ಲಿ ಹಾರೆ ಇತ್ತು ಕಣೇ. ಒಂದು ಸಲ ಮೀಟಿದ್ರೆ ಬರ್ತಿತ್ತು. ತಟ್ಟಿ, ಆಸೆ ಹುಟ್ಟಿಸಿ, ಓಡಿಬಂದೆ. ನಾಳೆ ನನ್ ಬಾಗ್ಲಾಚೆ ನಿಂತೋರೂ ಹೀಗೇ ಓಡಿದ್ರೆ?’

‘ನಾನು ಓಡಲ್ಲ.’

‘ನಿಂತ್ಕೊಂಡು ಏನ್ಮಾಡ್ತೀಯ? ಆ ಮೇಲಿನ ಚಿಲಕ ಹೊರಗಿಂದ ನನ್ ಕೈಯಲ್ಲೇ ಆಗಲ್ಲ.’

‘ಹಾಗಾದ್ರೆ ಅದನ್ನ ಹಾಕ್ಬೇಡ.’

‘ಹಾಕ್ದಿದ್ರೆ ನಿದ್ದೆ ಬರಲ್ಲ.’

‘ಹಾಕಿದ್ರೆ?’

‘ಹಾಕಿದ್ರೂ ಬರಲ್ಲ.’

ಇಬ್ಬರೂ ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ.

ತಮ್ಮ ಒಮ್ಮೆ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಂದ. ‘ಕಿತ್ತು ಬಿಸಾಕ್ಲಾ ಅಕ್ಕಾ?’ ‘ಮುಟ್ಟಿದ್ರೆ ಕೈ ಮುರೀತೀನಿ’ ಎಂದಳು. ಅವನು ಊಟ ಮಾಡಿ ಹೋದ. ಮೇಲಿನದನ್ನು ಈ ವಾರ ಬಿಡುತ್ತೇನೆ, ಬರುವ ವಾರ ಬಿಡುತ್ತೇನೆ ಎನ್ನುತ್ತ ದಿನ ದೂಡಿದಳು.

ಕೊನೆಗೆ ಗೆಳತಿಯೇ ಒಂದು ದಾರಿ ಮಾಡಿದಳು. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಹಿತ್ತಿಲ ಮೆಟ್ಟಿಲು ಹತ್ತಿ ಮೂರು ಸಲ ತಟ್ಟಿ, ‘ಪುಸ್ತಕದವಳು ಬಂದಿದೀನಿ’ ಎನ್ನುವಳು. ಒಳಗೆ ಒಲೆಯ ಕಡೆಯಿಂದ ಸ್ಟೂಲು ಕರ್ರೆಂದು ನೆಲ ಕೆರೆಯುತ್ತ ಬರುವುದು. ಮೇಲಿನ ಚಿಲಕ, ನಡುವಿನದು, ಕೆಳಗಿನದು. ಆಮೇಲೆ ಕೆದರಿದ ತಲೆಯ ಒಂದು ಮುಖ. ‘ಬದುಕಿದೀನಿ ಕಣೇ, ಹೋಗು, ಅಂಗಡಿ ತೆಗಿ.’ ಪುಸ್ತಕದವಳಿಗೆ ಆ ಕರ್ರೆನ್ನುವ ಸದ್ದೇ ಸಾಕಾಗುತ್ತಿತ್ತು. ಅದು ಕಿವಿಗೆ ಬಿದ್ದ ಮೇಲೆಯೇ ಅವಳ ಎದೆ ತನ್ನ ಜಾಗಕ್ಕೆ ಬರುತ್ತಿತ್ತು.

ಬುಧವಾರ ತಟ್ಟಿದಾಗ ಸ್ಟೂಲಿನ ಸದ್ದು ಬರಲಿಲ್ಲ.

ಮತ್ತೆ ತಟ್ಟಿದಳು. ಹೆಸರು ಹಿಡಿದು ಕೂಗಿದಳು. ಕೆಳಗೆ ಯಾರೋ ನಲ್ಲಿ ತಿರುಗಿಸಿದರು, ನೀರು ಬಕೆಟ್ಟಿಗೆ ಬೀಳತೊಡಗಿತು. ಕಾಲುಗಳು ಮೆಟ್ಟಿಲ ಕಡೆಗೆ ತಿರುಗಿದವು. ಓಡಲ್ಲ ಎಂದಿದ್ದ ಮಾತು ನೆನಪಾಗಿ ನಿಂತಳು. ಹಾರೆ ಯಾರ ಮನೆಯಲ್ಲಿ ಸಿಕ್ಕೀತು, ತಮ್ಮನ ಬಸ್ಸು ಈಗ ಎಲ್ಲಿದ್ದೀತು ಎಂದು ಯೋಚಿಸುತ್ತ, ಕಿವಿಯಿಡಲು ಬಾಗಿಲಿಗೆ ಅಂಗೈ ಊರಿದಳು. ಬಾಗಿಲು ಸದ್ದಿಲ್ಲದೆ ಹಿಂದಕ್ಕೆ ಹೋಯಿತು. ಗೋಡೆ ಮುಟ್ಟುವವರೆಗೂ ಹೋಯಿತು.

ಬೀಗದಕ್ಕ ಒಳಗೆ, ಬಾಗಿಲಿಗೆ ತಗುಲದಷ್ಟು ದೂರದಲ್ಲಿ, ಗೋಡೆಗೆ ಒರಗಿ, ಕಾಲು ಮಡಚಿಕೊಂಡು ಕೂತಿದ್ದಳು. ಮೈ ಆಗಲೇ ತಣ್ಣಗಾಗಿತ್ತು.

ದಿಂಬು ಬೆವರಿನಿಂದ ಒದ್ದೆಯಾಗಿತ್ತು. ಹಾಸಿಗೆಯ ಪಕ್ಕ ನೀರಿನ ಲೋಟ ಉರುಳಿತ್ತು. ನೋವು ಮಲಗಿದ್ದಾಗಲೇ ಬಂದಿರಬೇಕು. ಫೋನು ತಲೆದೆಸೆಯಲ್ಲೇ ಇತ್ತು. ತಮ್ಮ ಆಮೇಲೆ ತೆಗೆದು ನೋಡಿದ, ಅವಳು ಯಾರಿಗೂ ಕರೆ ಮಾಡಿರಲಿಲ್ಲ. ಎದ್ದು ನೇರ ಬಾಗಿಲಿಗೆ ಹೋಗಿದ್ದಳು. ಕೆಳಗಿನ ಚಿಲಕ ತೆಗೆದಿತ್ತು, ನಡುವಿನದೂ ತೆಗೆದಿತ್ತು. ಮೇಲಿನದಕ್ಕೆ ಒಲೆಯ ಹತ್ತಿರದಿಂದ ಸ್ಟೂಲು ತರಬೇಕು. ಆ ಎದೆ ಹಿಡಿದುಕೊಂಡು ಅದನ್ನು ಎಳೆದು ತಂದಿದ್ದಳು, ಹತ್ತಿದ್ದಳು, ಮೇಲಿನದನ್ನೂ ತೆಗೆದಿದ್ದಳು.

ಸ್ಟೂಲು ಬಾಗಿಲ ಹಿಂದೆ ಇರಲಿಲ್ಲ. ಇಳಿದ ಮೇಲೆ ಅವಳು ಅದನ್ನು ಬಾಗಿಲಿಗೆ ಅಡ್ಡವಾಗದ ಹಾಗೆ, ತಾನು ಕೂರುವ ಗೋಡೆಯ ಬದಿಗೆ ಸರಿಸಿ ಇಟ್ಟಿದ್ದಳು.