ಬೇವಿನ ಗಿಡದ ಹೂವೂ ನನ್ನ ಬೀಜೋಪಚಾರವೂ

ನನ್ನ ತಪ್ಪಿನ ಹೊರೆಯನ್ನು ನನ್ನ ಹೆಂಡತಿ ಒಂದು ವರ್ಷ ಹೊತ್ತಿದ್ದಾಳೆ. ಮನೆಯವರ ಮುಂದೆ ಒಪ್ಪಿಕೊಂಡಾಗಿದೆ. ಮನಸ್ಸು ಹಗುರಾಗದ್ದರಿಂದ ಬರೆಯುತ್ತಿದ್ದೇನೆ.

ಇಂಡಿ ಹತ್ತಿರದ ನಮ್ಮ ನಿಂಬೆ ತೋಟದ ಬಾವಿಯ ಪಕ್ಕ ಒಂದು ಹಳೆಯ ಬೇವಿನ ಗಿಡವಿದೆ. ಅದರ ಟೊಂಗೆಯ ಕವಲಿನಲ್ಲಿ ಒಂದು ಸಸ್ಯ ಬೇರುಗಳನ್ನು ಗಾಳಿಗೆ ಇಳಿಬಿಟ್ಟು ಕುಳಿತಿದೆ. ಬೇಸಿಗೆಯಲ್ಲಿ ಹಳದಿ ಎಸಳಿನ ಮೇಲೆ ಕಂದು ಬಲೆ ಹೆಣೆದಂಥ, ನೇರಳೆ ತುಟಿಯ ಹೂ ಬಿಡುತ್ತದೆ. ಗಿಡದ ರಸ ಹೀರುವ ಬದನಿಕಿ ಎಂದೇ ನಾವು ತಿಳಿದಿದ್ದೆವು. ಅದು ಆರ್ಕಿಡ್, ಮರದ ಮೇಲೆ ಕೂರುತ್ತದೆಯೇ ಹೊರತು ಮರವನ್ನು ತಿನ್ನುವುದಿಲ್ಲ ಎಂದವಳು ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಸೊಸೆ.

ಬಾಗೇವಾಡಿಗೆ ಕೊಟ್ಟ ನನ್ನ ಅಕ್ಕ ಪಂಚಮಿಗೆ ತವರಿಗೆ ಬಂದರೆ ಇಂದಿಗೂ ಆ ಗಿಡದ ಜೋಕಾಲಿಯಲ್ಲಿ ಕೂರುತ್ತಾಳೆ. ಒಂದು ಪಂಚಮಿಗೆ ಉಡಿ ತುಂಬುವಾಗ ಕೇಳಿದಳು. "ತಮ್ಮಾ, ಸೀರಿ ಸಾಕಾಗ್ಯಾವ. ಆ ಹೂವಿನ ಮರಿ ಒಂದು ನನ್ನ ಉಡಿಯಾಗ ಹಾಕು. ನಮ್ಮ ಹಿತ್ತಲದಾಗೂ ಬೇವಿನ ಗಿಡ ಐತಿ."

ತವರಿನ ಮಗಳು ಉಡಿಯೊಡ್ಡಿ ಕೇಳಿದ್ದನ್ನು ಇಲ್ಲವೆನ್ನಲು ನಾಲಿಗೆ ಬರುವುದಿಲ್ಲ. ಆದರೆ ಸಸ್ಯ ಕಾಯಿಯನ್ನೇ ಕಟ್ಟುತ್ತಿರಲಿಲ್ಲ.

"ಮಾವಾರ, ಇದಕ್ಕ ಕರಿ ದುಂಬಿ ಬರಬೇಕ್ರಿ," ಎಂದಳು ಸೊಸೆ. "ನೀವು ನಿಂಬಿಗೆ ಹುಳ ಸಾಯೂ ಎಣ್ಣಿ ಹೊಡದು ಹೊಡದು ಅವು ಈ ಕಡೆ ಬರೂದ ಬಿಟ್ಟಾವ."

ಹೂವಿನ ನಡುವಿನ ಹಳದಿ ಪರಾಗದ ಗುಂಡುಗಳು ದುಂಬಿಯ ಮೈಗೆ ಅಂಟಿ ಇನ್ನೊಂದು ಹೂವಿಗೆ ಹೋಗಬೇಕಂತೆ. ಮುಂದಿನ ಬೇಸಿಗೆಯಲ್ಲಿ ಬೆಂಕಿಕಡ್ಡಿ ಹಿಡಿದು ನಾನೇ ಏಣಿ ಹತ್ತಿದೆ. ಗುಂಡುಗಳು ಕಡ್ಡಿಯ ಬದಲು ನನ್ನ ಮೀಸೆಗೆ ಅಂಟಿದವು.

ದಾರಿಯಲ್ಲಿ ಹೊರಟಿದ್ದ ನೆರೆಹೊಲದವನು ನಿಂತು ಕೇಳಿದ. "ಯಜಮಾನ್ರು ಮ್ಯಾಲೇನ್ ಮಾಡಾಕತ್ತಾರ್ರಿ?"

ಏಣಿ ಹಿಡಿದಿದ್ದ ಹೆಂಡತಿ ಹೇಳಿದಳು. "ದುಂಬಿ ಓಡಿಸಿದ್ರಲ್ಲ, ಈಗ ಅದರ ನೌಕರಿ ಇವರಿಗೆ ಬಂದೈತಿ." ಆಮೇಲೆ ನನ್ನತ್ತ ತಿರುಗಿ, "ಕಡ್ಡಿ ಒಗೀರಿ, ಮೀಸಿಲೇ ಮುಟ್ಟಸ್ರಿ," ಎಂದಳು.

ಕಡ್ಡಿಯಿಂದಲೋ ಮೀಸೆಯಿಂದಲೋ, ಒಂದು ಕಾಯಿ ಕಟ್ಟಿತು. ಚಳಿಗಾಲದಲ್ಲಿ ನಾನು ಕೀಳಲು ಹತ್ತುವಷ್ಟರಲ್ಲಿ ಅದು ಬಿರಿದು ಅರ್ಧ ಬೀಜ ಗಾಳಿಗೆ ಹೋಗಿತ್ತು. ಬೀಜವೆಂದರೆ ಜೋಳದ ಹಿಟ್ಟಿಗಿಂತ ಸಣ್ಣ ಧೂಳು. ಅದನ್ನು ಬೇವಿನ ತೊಗಟೆಗೇ ಸವರಬೇಕೆಂದು ಸೊಸೆ ಫೋನಿನಲ್ಲಿ ಹೇಳಿದ್ದಳು. ಹುಟ್ಟಿದಾಗಿನಿಂದ ಬಿತ್ತಿದವನು ನಾನು, ಮರಕ್ಕೆ ಬೀಜ ಸವರುವುದುಂಟೇ? ಹಿತ್ತಲಲ್ಲಿ ಗೊಬ್ಬರದ ಮಡಿ ಮಾಡಿದೆ. ಬಿತ್ತುವ ಮೊದಲು, ತೊಗರಿಗೆ ಮಾಡುವಂತೆ, ಬೂಷ್ಟು ಹಿಡಿಯದಿರಲೆಂದು ಡಬ್ಬಿಯ ಪುಡಿ ಬೆರೆಸಿ ಬೀಜೋಪಚಾರವನ್ನೂ ಮಾಡಿದೆ.

ಒಂದೂ ಹುಟ್ಟಲಿಲ್ಲ. ಪಂಚಮಿಗೆ ಮೊದಲೇ, ಪುಡಿಯ ಸಂಗತಿ ಬಾಯಿಬಿಡದೆ ವಿಚಾರಿಸಿದಾಗ, ಸೊಸೆಯ ಮಾತಿನಲ್ಲಿ ಕಾರಣ ಸಿಕ್ಕಿತು. ಆ ಬೀಜದೊಳಗೆ ಬುತ್ತಿಯೇ ಇರುವುದಿಲ್ಲ. ತೊಗಟೆಯಲ್ಲಿರುವ ಒಂದು ಜಾತಿಯ ಬೂಷ್ಟು ಒಳಹೊಕ್ಕು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ನಾನು ಕೂಸಿನ ಬಾಯಿಗೆ ಔಷಧಿ ಬಳಿದು ತಾಯಿಯನ್ನು ಕೊಂದಿದ್ದೆ.

ಪಂಚಮಿಗೆ ಅಕ್ಕ ಬಂದು ಬರಿ ಮಡಿಯ ಮುಂದೆ ನಿಂತಾಗ ನನ್ನ ಬಾಯಿಂದ ಬಂದದ್ದು, "ಇಕಿ ಮುಸುರಿ ನೀರು ಚೆಲ್ಲಿದಳು." ಪಾತ್ರೆ ತೊಳೆದ ನೀರನ್ನು ಹೆಂಡತಿ ಆ ಕಡೆ ಚೆಲ್ಲುತ್ತಿದ್ದದ್ದೂ ನಿಜವೇ. ಪಾಪ, ಆಕೆ ನಂಬಿಯೇಬಿಟ್ಟಳು. "ತಪ್ಪಾತ್ರಿ ಅಕ್ಕಾರ," ಎಂದು ಅಕ್ಕನ ಕೈ ಹಿಡಿದಳು. ಅಕ್ಕ ಖಾಲಿ ಉಡಿಯಲ್ಲೇ ಬಸ್ ಹತ್ತಿದಳು.

ಈ ವರ್ಷ ಜೋಕಾಲಿ ಕಟ್ಟುವ ದಿನ ಎಲ್ಲರೂ ಗಿಡದ ಕೆಳಗಿದ್ದೆವು. ಕಣ್ಣಿನ ಆಪರೇಷನ್ ಆದ ಮೇಲೆ ಹೆಂಡತಿಗೆ ಎಲ್ಲವೂ ಕಾಣುತ್ತದೆ. "ಅಲ್ಲಿ ಹಸರ ಏನೈತಿ?"

ನಿಂಬೆಗೆ ಬಳಿಯುವಂತೆ ಬೇವಿಗೂ ನಾನು ವರ್ಷಕ್ಕೊಮ್ಮೆ ಬೂಷ್ಟು ಕೊಲ್ಲುವ ಸುಣ್ಣ, ಮೈಲುತುತ್ತ ಬಳಿಯುತ್ತೇನೆ, ನನ್ನ ಕೈಗೆಟುಕುವವರೆಗೆ. ಆ ಬಿಳಿ ಪಟ್ಟಿ ಮುಗಿದಲ್ಲಿಂದ ಮೇಲಕ್ಕೆ, ಒರಟು ತೊಗಟೆಯ ಬಿರುಕಿನಲ್ಲಿ, ಹೆಸರುಕಾಳಿನಂಥ ಮೂರು ನಾಲ್ಕು ಎಳೆ ಸಸಿಗಳು. ಗಾಳಿಗೆ ಹೋಯಿತೆಂದು ನಾನು ಬೈದುಕೊಂಡಿದ್ದ ಬೀಜ. ನನ್ನ ಕೈ ಮುಟ್ಟದ ಕಡೆ ಮಾತ್ರ ಹುಟ್ಟಿತ್ತು.

"ಇಲ್ಲಿ ಹುಟ್ಟ್ಯಾವ, ಮಡಿಯಾಗ ಯಾಕ ಹುಟ್ಟಲಿಲ್ಲ?" ಎಂದಳು ಸೊಸೆ. "ಮುಸುರಿ ನೀರಿಗೆ ಬೂಷ್ಟು ಸಾಯೂದಿಲ್ರಿ ಮಾವಾರ."

ಹೆಂಡತಿ ನನ್ನನ್ನು ನೋಡಿದಳು. ಎಲ್ಲ ಹೇಳಿದೆ.

"ಒಂದು ವರ್ಷ ನಾ ಅಕ್ಕಾರ ಮಾರಿ ನೋಡಿಲ್ಲ," ಎಂದಳು ಆಕೆ, ಮೆಲ್ಲಗೆ.

ಅಕ್ಕ ಜೋಕಾಲಿಯಿಂದಲೇ ಕೇಳಿದಳು. "ಇವನ್ನ ಕಿತ್ತು ಕೊಡಾಕ ಬರ್ತೈತೇನ?"

"ಈಗ ಕಿತ್ತರ ಸಾಯ್ತಾವ್ರಿ. ಹೂ ಬಿಡಾಕೂ ಭಾಳ ವರ್ಷ ಬೇಕು," ಎಂದಳು ಸೊಸೆ.

"ಹಂಗಾರ ಇಲ್ಲೇ ಇರಲಿ. ನೋಡಾಕ ನಾ ಬರಬೇಕಾತು, ಸಾಯಾಕ ಪುರುಸೊತ್ತಿಲ್ಲ. ತಮ್ಮಾ, ಹೂ ಇರೂತನಕ ಬಾವಿ ಕಡೆ ನಿಂಬಿಗೆ ಎಣ್ಣಿ ಹೊಡೀಬ್ಯಾಡ. ದುಂಬಿ ಕೆಲಸ ದುಂಬಿ ಮಾಡಲಿ, ನಿನಗ ಏಣಿ ಮ್ಯಾಲೆ ಕಾಲು ನಡುಗತಾವ."

ಪುಡಿಯ ಡಬ್ಬಿ ಈಗ ಹೆಂಡತಿಯ ಟ್ರಂಕಿನಲ್ಲಿದೆ, ಕೀಲಿ ಆಕೆಯ ಸೊಂಟದಲ್ಲಿ. ಮುಸುರಿ ನೀರು ಚೆಲ್ಲುವವನು ನಾನು, ಆಕೆ ಬೆರಳು ತೋರಿಸಿದ ಕಡೆಗೆ.