ಅಮಲ್ದಾರರ ಮೊರ

ಎಲ್ಲರೂ ದಿನಾ ಮಾಡುವ ಒಂದು ಕೆಲಸಕ್ಕೆ ನಮ್ಮ ಮನೆಯಲ್ಲಿ ಹೆಸರೇ ಇಲ್ಲ. ಅಪ್ಪ ಚೊಂಬು ಹಿಡಿದು ‘ಕೆರೆ ಕಡೆ’ ಹೋಗುತ್ತಾರೆ, ಕೆರೆಯಲ್ಲಿ ನೀರಿಲ್ಲದ ವರ್ಷವೂ ಕೆರೆ ಕಡೆಗೇ. ಅಜ್ಜಿ ‘ಆಚೆಗೆ’ ಹೋಗುತ್ತಾಳೆ. ಸ್ಕೂಲಿನಲ್ಲಿ ನಾವು ಬೆರಳೆತ್ತಿ ‘ಒಂದಕ್ಕೆ’ ಎನ್ನುತ್ತೇವೆ, ಪರಿಸ್ಥಿತಿ ಬಿಗಡಾಯಿಸಿದರೆ ‘ಎರಡಕ್ಕೆ’. ಕನ್ನಡ ಪಂಡಿತರು ಅದನ್ನೇ ‘ದೇಹಬಾಧೆ’ ಎಂದು ಎಷ್ಟು ಗಂಭೀರವಾಗಿ ಹೇಳುತ್ತಾರೆಂದರೆ, ಅದೂ ಒಂದು ಅಲಂಕಾರವೆಂದುಕೊಂಡು ನಾನು ಉಪಮೆ, ರೂಪಕಗಳ ಜೊತೆ ಬಾಯಿಪಾಠ ಮಾಡಿಬಿಟ್ಟಿದ್ದೆ.

ಈ ಪೀಠಿಕೆ ಯಾಕೆಂದರೆ, ನಮ್ಮ ಬೆಕ್ಕಿಗೆ ಕೆರೆ ಕಡೆ ಹೋಗಲು ಆಗುವುದಿಲ್ಲ.

ಬೆಕ್ಕಿನ ಹೆಸರು ಅಮಲ್ದಾರ. ಮನೆಯಲ್ಲಿ ಎಲ್ಲೆಂದರಲ್ಲಿ ಕ್ಯಾಂಪು ಹಾಕಿ, ಕೂತಲ್ಲಿಗೇ ಹಾಲು ಮೊಸರು ತರಿಸಿಕೊಳ್ಳುವ ಠೀವಿ ನೋಡಿ ನಾನಿಟ್ಟ ಹೆಸರು. ಅಪ್ಪ ಮಧುಗಿರಿಯಲ್ಲಿ ನಿಜವಾದ ಅಮಲ್ದಾರರ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ‘ಅಮಲ್ದಾರ ಸಾರಿಗೆ ಬಾಯಿ ಹಾಕಿದ’ ಎಂದು ನಾನು ಕಿರುಚಿದ್ದು ಬೀದಿಗೆ ಕೇಳಿಸಿದ ದಿನ ಅವರ ಮುಖದಲ್ಲಿ ರಕ್ತವಿರಲಿಲ್ಲ. ಅಂದಿನಿಂದ ಬೆಕ್ಕಿಗೆ ಬಹುವಚನ ಕಡ್ಡಾಯವಾಯಿತು. ನಮ್ಮ ಮನೆಯಲ್ಲಿ ಅಮಲ್ದಾರರು ಬರುತ್ತಾರೆ, ನೆಕ್ಕುತ್ತಾರೆ, ಬಾಲ ಕಚ್ಚಿಕೊಳ್ಳುತ್ತಾರೆ.

ಮರಿಯಾಗಿದ್ದಾಗ ಗಾಡಿಯ ಚಕ್ರಕ್ಕೆ ಸಿಕ್ಕಿ ಅವರ ಸೊಂಟ ಮುರಿಯಿತು. ಈಗ ಮುಂದಿನ ಕಾಲುಗಳು ತುಮಕೂರಿಗೆ ಹೊರಟರೆ ಹಿಂದಿನವು ಪಾವಗಡಕ್ಕೆ ಎಳೆಯುತ್ತವೆ. ನೆಲದ ಮೇಲೆ ಸರ್ರನೆ ಜಾರಿಕೊಂಡು ಬರುತ್ತಾರೆ. ಆದರೆ ಹೊಸಲಿನಷ್ಟು ಎತ್ತರವೂ ಅವರಿಗೆ ಮಧುಗಿರಿ ಬೆಟ್ಟವೇ. ಹಿತ್ತಿಲಿಗೆ ಹೋಗಬೇಕೆಂದರೆ ಬಂಡೆಯಲ್ಲಿ ಕಡಿದ ಎತ್ತರದ ಮೆಟ್ಟಿಲುಗಳನ್ನು ಇಳಿಯಬೇಕು. ಇಳಿಯಲಾಗದೆ ಒಂದು ದಿನ ದೇವರ ಮನೆಯ ಬಾಗಿಲಲ್ಲೇ ಕೆಲಸ ಮುಗಿಸಿದರು.

ಅಜ್ಜಿ ಕೂಗಾಡಲಿಲ್ಲ. ಅದೇ ಭಯ.

“ನೋಡಮ್ಮಿ, ಸೊಂಟ ಇಲ್ದೋರು ಅಂತ ಇಷ್ಟು ದಿನ ಸುಮ್ಕಿದ್ದೆ. ಸೋಮಾರ ನಮ್ಮಣ್ಣ ಕೊರಟಗೆರೆಯಿಂದ ಬತ್ತಾನೆ. ಮೊದ್ಲೇ ಅವ್ನಿಗೆ ನಮ್ಮನೆ ಅಂದ್ರೆ ಸಸಾರ. ಅವ್ನು ಒಂದು ಕಿತ ಮೂಗು ಮುಚ್ಕೊಂಡ್ರೆ ಸಾಕು, ನಿನ್ನ ಅಮಲ್ದಾರ್ರುನ್ನ ಬರಗೂರಿಗೆ ಟ್ರಾನ್ಸ್‌ಫರ್ ಮಾಡ್ಬುಡ್ತೀನಿ.”

ಬರಗೂರಿನಲ್ಲಿ ಚಿಕ್ಕಪ್ಪನ ಕುರಿಹಟ್ಟಿ ಇದೆ. ಹಟ್ಟಿ ಕಾಯುವ ನಾಯಿಗಳಿವೆ. ನೆಟ್ಟಗಿರುವ ಬೆಕ್ಕಾದರೆ ಮರ ಹತ್ತೀತು. ಅಮಲ್ದಾರರು ಹತ್ತುವುದು ನನ್ನ ಮಡಿಲನ್ನು ಮಾತ್ರ, ಅದನ್ನೂ ನಾನು ಕೈ ಆಸರೆ ಕೊಟ್ಟರೆ. ಆ ರಾತ್ರಿ ಊಟ ಸೇರಲಿಲ್ಲ ಎಂದು ಬರೆದರೆ ಸೊಗಸಾಗಿರುತ್ತದೆ. ನಿಜವಾಗಿ ಮುದ್ದೆ ತಿಂದೆ, ಯೋಚಿಸುತ್ತಲೇ ಇನ್ನೊಂದು ಹಾಕಿಸಿಕೊಂಡೆ.

ಮನೆಯೊಳಗೇ ಅವರಿಗೊಂದು ‘ಕೆರೆ ಕಡೆ’ ಕಟ್ಟಬೇಕೆಂದು ತೀರ್ಮಾನಿಸಿದೆ. ಮೊದಲು ಬಾಯಿ ಒಡೆದ ಮಡಿಕೆಯಲ್ಲಿ ಮಣ್ಣು ತುಂಬಿಟ್ಟೆ. ಅಮಲ್ದಾರರು ಅಂಚಿಗೆ ಗಲ್ಲ ಊರಿ, ಬಾವಿಗೆ ಬಿದ್ದ ಬಿಂದಿಗೆ ನೋಡುವವರ ಹಾಗೆ ಒಳಗೆ ನೋಡಿ, ಮಡಿಕೆಯ ಪಕ್ಕದಲ್ಲಿ ಮಾಡಿದರು. ಸೀಮೆಎಣ್ಣೆ ಡಬ್ಬವನ್ನು ಉದ್ದಕ್ಕೆ ಸೀಳಿ, ಅಂಚು ಬಡಿದು ಮಡಿಸಿ ಇಟ್ಟೆ. ಕಾಲು ಎಳೆದಾಗ ತಗಡು ಗರಗರ ಅಂದಿತು. ತಾವೇ ಮಾಡಿದ ಸದ್ದಿಗೆ ಬೆದರಿ ಅವರು ಅಟ್ಟದ ಏಣಿಯ ಹಿಂದೆ ಭೂಗತರಾದರು. ಒಳಗೆ ಏನು ತುಂಬುವುದೆಂಬುದು ಇನ್ನೊಂದು ಶಾಸ್ತ್ರ. ಜಯಮಂಗಲಿ ಹೊಳೆಯ ಮರಳು ತರಿಸಿದರೆ ಅದು ಅವರ ಬಾಲದಲ್ಲಿ ಪ್ರಯಾಣ ಮಾಡಿ ಅಪ್ಪನ ಹಾಸಿಗೆ ಸೇರಿತು. ಕೆಮ್ಮಣ್ಣು ಹಾಕಿದರೆ ಗೋಡೆಯವರೆಗೂ ರಂಗೋಲಿ. ರಾಗಿ ಹೊಟ್ಟು ಹಾಕಿದಾಗ ಬಹಳ ಸಂತೋಷಪಟ್ಟು ಅದರಲ್ಲಿ ಮಲಗಿ ನಿದ್ದೆ ಮಾಡಿದರು, ಎದ್ದು ಬೇರೆ ಕಡೆ ಹೋದರು.

ಕೊನೆಗೆ ದಾರಿ ತೋರಿಸಿದ್ದು ರೇಖಾಗಣಿತ. ನಾಲ್ಕು ಕಡೆಯೂ ಕಟ್ಟು ಇರಬಾರದು, ಕಟ್ಟೇ ಇಲ್ಲದಿದ್ದರೆ ಒಳಗಿನದು ಚೆಲ್ಲುತ್ತದೆ. ಮೂರು ಕಡೆ ಕಟ್ಟು, ಒಂದು ಕಡೆ ಬಯಲು. ಇಂಥ ಆಕೃತಿ ಪುಸ್ತಕದಲ್ಲೆಲ್ಲೂ ಇಲ್ಲವಲ್ಲ ಎಂದು ತಲೆ ಕೆರೆಯುತ್ತಿದ್ದಾಗ ಅಡಿಗೆಮನೆಯಲ್ಲಿ ಅಜ್ಜಿ ಅದನ್ನೇ ಕೈಯಲ್ಲಿ ಹಿಡಿದು ರಾಗಿ ಕೇರುತ್ತಿದ್ದಳು. ಮೊರ.

ಅಟ್ಟದಿಂದ ಒಂದು ಹಳೆಯ ಮೊರ ಇಳಿಸಿದೆ. ಅಜ್ಜಿ ಅಡ್ಡ ಬಂದಳು.

“ಮೊರಕ್ಕೆ ಕಾಲು ತಾಕಿಸ್ಬಾರ್ದು ಕಣಮ್ಮ.”

“ಅವ್ರಿಗೆ ಇರೋದೇ ಅರ್ಧ ಕಾಲಲ್ವಾ ಅಜ್ಜಿ. ಅರ್ಧ ಪಾಪ ನಂಗಿರ್ಲಿ ಬುಡು.”

“ನಿನ್ ನಾಲ್ಗೆ ಬಿದ್ದೋಗ,” ಎಂದಳು. ಆದರೆ ಬೈಗುಳದ ತುದಿಯಲ್ಲಿ ನಗು ಇತ್ತು, ನಾನು ಅದನ್ನು ಅಪ್ಪಣೆ ಎಂದು ತೆಗೆದುಕೊಂಡೆ. ಮೆಂತ್ಯ ರುಬ್ಬಿ ಹಳೆಯ ಕಾಗದದ ಜೊತೆ ಬಳಿದು ಮೊರದ ಸಂದುಗಳನ್ನು ಮುಚ್ಚಿದೆ. ಪಾತ್ರೆ ತಿಕ್ಕಲು ಅಜ್ಜಿ ಜರಡಿ ಹಿಡಿದಿಟ್ಟಿದ್ದ ಬೂದಿಯನ್ನು ಹರಡಿದೆ. ಹಿತ್ತಿಲ ಬಾಗಿಲ ಪಕ್ಕ, ಗೋಡೆಯ ಗೂಡಿನ ಕೆಳಗೆ ಇಟ್ಟೆ. ಅಮಲ್ದಾರರು ಬಯಲಿದ್ದ ಕಡೆಯಿಂದ ಜಾರಿಕೊಂಡು ಒಳಗೆ ಹೋದರು. ಕೆದಕಿದರು. ಮುಗಿಸಿದರು. ಮುಚ್ಚಿದರು. ವಾಸನೆ ಎಂಬುದೇ ಇಲ್ಲ. ನಾನು ‘ಸದ್ಯ’ ಅಂದೆ. ಸದ್ಯ ಎಂದರೆ ‘ಈಗ’ ಎಂದು ಅರ್ಥ ಹೇಳುವ ಪಂಡಿತರಿಗೆ ಬೆಕ್ಕು ಸಾಕಿ ಗೊತ್ತಿಲ್ಲ.

ಸೋಮವಾರ ಕೊರಟಗೆರೆ ತಾತ ಬಂದರು. ಯುದ್ಧ ಶುರುವಾದ ಮೇಲೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತವಲ್ಲ, ತಾತ ಬಸ್ಸಿನಿಂದ ಇಳಿದಾಗ ಮೈಯೆಲ್ಲ ಮಸಿಯಾಗಿ ಅವರೇ ಇಂಜಿನ್ನಿನ ಒಳಗೆ ಕೂತು ಬಂದ ಹಾಗಿದ್ದರು. ನೀರು ಕೊಟ್ಟರೆ ಬೇಡ, ಮಜ್ಜಿಗೆ ಬೇಡ, ಸಂಜೆ ಬಸ್ಸಿಗೆ ವಾಪಸು. ಯಾವಾಗಲೂ ಹೀಗೇ. ಅಜ್ಜಿ ಒಳಗೆ ಬಂದು, “ನೋಡ್ದಾ, ನಮ್ಮನೆ ನೀರೂ ಸೇರಕಿಲ್ಲ ಸಾವ್ಕಾರ್ರಿಗೆ,” ಎಂದು ಮೂಗೆಳೆದಳು.

ತಾತ ಒಳಗಿನ ಬಚ್ಚಲಲ್ಲಿ ಸ್ನಾನ ಮುಗಿಸಿ ಬಂದು ಹಿತ್ತಿಲ ಬಾಗಿಲ ಹತ್ತಿರ ಮಣೆಯ ಮೇಲೆ ಕೂತರು. ಅಜ್ಜಿ ಅಡಿಗೆಮನೆಯಿಂದಲೇ ಕೂಗಿದಳು: “ಅಣ್ಣಯ್ಯ, ಈಬೂತಿ ಅಲ್ಲೇ ಬಾಗ್ಲ ಪಕ್ಕ ಐತೆ, ಹಚ್ಕೊ.”

ವಿಭೂತಿ ಇದ್ದದ್ದು ಮೇಲೆ, ಗೂಡಿನಲ್ಲಿ. ತಾತನ ಕೈಗೆ ಎಟುಕುವಂತೆ ಇದ್ದದ್ದು ಕೆಳಗೆ, ಮೊರದಲ್ಲಿ.

ನಾನು ಬಾಗಿಲಿಗೆ ಬರುವಷ್ಟರಲ್ಲಿ ಹಣೆಯ ಮೇಲೆ ಮೂರು ಗೆರೆ ಎದ್ದಿದ್ದವು, ತೋಳಿನ ಮೇಲೂ ಏಳುತ್ತಿದ್ದವು. “ಎಷ್ಟು ನುಣ್ಣಗೈತೆ ತಂಗಿ ನಿಮ್ಮೂರ ಈಬೂತಿ,” ಎಂದರು ತಾತ. “ನಮ್ ಸಂತೇಲಿ ಇಂಗೆ ಸಿಗಕಿಲ್ಲ.”

ನನ್ನ ಪ್ರಾಣ ಬರಗೂರಿಗೆ ಹೋಗಿ ಬಂತು. ಬೆಳಿಗ್ಗೆ ಹೊಸ ಬೂದಿ ಹಾಕಿದ್ದೆ, ನಿಜ. ಆಮೇಲೆ ಅಮಲ್ದಾರರು ಇತ್ತ ಬಂದಿದ್ದರೋ? ಬೂದಿ ಹಾಕಿದ ಮೇಲೆ ಅಂಗೈಯಿಂದ ಕನ್ನಡಿಯ ಹಾಗೆ ಸಾಪು ಮಾಡುವುದು ನನ್ನ ಚಟ. ಬಗ್ಗಿ ನೋಡಿದೆ. ಕನ್ನಡಿ ಹಾಗೇ ಇತ್ತು, ತಾತನ ಬೆರಳ ಗುರುತು ಬಿಟ್ಟರೆ. ಸದ್ಯ.

ಸದ್ಯ ಎಂಬುದು ಎಷ್ಟು ಹೊತ್ತಿನ ಮಾತು? ಸರ್ರನೆ ಸದ್ದಾಯಿತು. ಅಮಲ್ದಾರರು ಬಂದರು, ತಾತನನ್ನು ಒಮ್ಮೆ ನೋಡಿದರು, ಮೊರಕ್ಕೆ ದಯಮಾಡಿಸಿ, ಅವರ ಎದುರಿಗೇ ಕಣ್ಣು ಅರೆಮುಚ್ಚಿ ಕೂತರು. ತಟ್ಟೆ ಹಿಡಿದು ಬಂದ ಅಜ್ಜಿ ಅಲ್ಲೇ ನಿಂತಳು. ತಾತ ಹಣೆ ಮುಟ್ಟಿಕೊಂಡರು, ಮೊರ ನೋಡಿದರು, ಮತ್ತೆ ಹಣೆ ಮುಟ್ಟಿಕೊಂಡರು.

“ಬೆಳಿಗ್ಗೆ ಹಾಕಿದ್ದು ತಾತ, ಇವ್ರಿಗಿಂತ ನೀವೇ ಮೊದ್ಲು,” ಎಂದೆ. ಸಮಾಧಾನ ಹೇಳಲು ಹೊರಟ ಮಾತು. ಬಾಯಿಂದ ಬಂದ ಮೇಲೆ ಅದು ಹಾಗೆ ಕೇಳಿಸಲಿಲ್ಲ.

ತಾತ ಮೂಗು ಮುಚ್ಚಿಕೊಳ್ಳಲಿಲ್ಲ. ಅಮಲ್ದಾರರು ಬೂದಿ ಮುಚ್ಚಿ, ಬಯಲಿದ್ದ ಕಡೆಯಿಂದ ಜಾರಿ ಹೊರಗೆ ಬರುವವರೆಗೂ ನೋಡುತ್ತಿದ್ದರು.

“ಇದುನ್ನ ಮಾಡ್ದೋರು ಯಾರು?”

“ನಾನೇ,” ಎಂದೆ, ಬರಗೂರಿನ ನಾಯಿಗಳನ್ನು ನೆನೆದುಕೊಂಡು.

“ನಿಮ್ಮನೇಲಿ ಬೆಕ್ಕಿನ ಸೊಂಟದ ಕಷ್ಟ ತಿಳಿಯೋರು ಒಬ್ರಾದ್ರೂ ಅವ್ರೆ,” ಎಂದರು ತಾತ. ಆಮೇಲೆ ಅಜ್ಜಿಯ ಕಡೆ ತಿರುಗಿದರು. “ತಂಗೀ, ನಂಗೆ ನಿಮ್ಮನೆ ನೀರು ಸೇರಲ್ಲ ಅಂತ ಊರೆಲ್ಲ ಹೇಳ್ಕೊಂಡು ಬತ್ತೀಯಂತೆ. ಕುಡುದ್ರೆ ಆಚೆಗೆ ಹೋಗೋಕೆ ಈ ಮಂಡೀಲಿ ಆ ಮೆಟ್ಲು ಇಳೀಬೇಕಲ್ಲ. ಗೂಡಿಗೆ ಕೈ ಎತ್ತೋಕೆ ಮಂಡಿ ಏಳಕಿಲ್ಲ ಅಂತ್ಲೇ ಈ ಬೂದಿ ಬಳ್ಕೊಂಡಿದ್ದು ನಾನು.”

ಅಜ್ಜಿ ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ದೊಡ್ಡ ಲೋಟದ ತುಂಬ ಮಜ್ಜಿಗೆ ತಂದು ಅಣ್ಣನ ಕೈಗಿಟ್ಟಳು. “ಕುಡಿ. ನಿನ್ ಜೊತೇಲಿ ನಾನ್ ಇಳೀತೀನಿ,” ಎಂದಳು. ಕಚೇರಿಯಿಂದ ಊಟಕ್ಕೆ ಬಂದ ಅಪ್ಪ ಒಂದು ಕಡೆ, ಅಜ್ಜಿ ಒಂದು ಕಡೆ ಹಿಡಿದು ತಾತನನ್ನು ಇಳಿಸಿದರು. ಮುಂದಿನ ವಾರ ಅಪ್ಪ ಕಲ್ಲುಕುಟಿಗರನ್ನು ಕರೆಸಿ ಮೆಟ್ಟಿಲ ಒಂದು ಪಕ್ಕಕ್ಕೆ ಇಳಿಜಾರು ಹಾಕಿಸಿದರು, ಹಿಡಿದುಕೊಳ್ಳಲು ಬೊಂಬು ನೆಟ್ಟರು. ಅಳತೆ ಕೇಳಿದಾಗ ನಾನು ಮೊರ ತೋರಿಸಿದೆ.

ಈಗ ತಾತ ಬಂದರೆ ವಾರ ಇರುತ್ತಾರೆ, ಮಜ್ಜಿಗೆ ಕೇಳಿ ಕುಡಿಯುತ್ತಾರೆ, ವಿಭೂತಿ ಹಚ್ಚಿಕೊಳ್ಳುವ ಮುಂಚೆ ಮೂಸಿ ನೋಡುತ್ತಾರೆ. ಬರಗೂರಿನ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಬೆಳಿಗ್ಗೆ ತಾತ ಬೊಂಬು ಹಿಡಿದು ಇಳಿಜಾರು ಹತ್ತಿ ಬರುತ್ತಾರೆ, ಅದೇ ಹೊತ್ತಿಗೆ ಅಮಲ್ದಾರರೂ ಮೊರದಿಂದ ಹೊರಬರುತ್ತಾರೆ. ಬಾಗಿಲಲ್ಲಿ ಇಬ್ಬರೂ ಎದುರುಬದುರಾಗಿ ಒಂದು ಗಳಿಗೆ ನಿಲ್ಲುತ್ತಾರೆ. ತಾತ ಮಣೆಯ ಮೇಲೆ ಕೂತು, ಉಸಿರು ಬಿಟ್ಟು, ‘ಸದ್ಯ’ ಎನ್ನುತ್ತಾರೆ. ಅಮಲ್ದಾರರಿಗೆ ಮಾತು ಬರುವುದಿಲ್ಲ, ಮುಖದಲ್ಲಿ ಅದೇ ಬರೆದಿರುತ್ತದೆ. ಆ ಕೆಲಸಕ್ಕೆ ಹೆಸರಿಲ್ಲ ಎಂದಿದ್ದೆನಲ್ಲ, ಇದೆ. ಮುಗಿದ ಮೇಲೆ ಹೇಳುವ ಹೆಸರು, ಅಷ್ಟೇ.