ಆಶ್‌ಬರ್ಟ್ ಗಂಬ್ಸನ ಹಾರ್ಡ್‌ಲೀ

ಆಶ್‌ಬರ್ಟ್ ಗಂಬ್ಸನ ಗಂಟಲಿನ ಬಗ್ಗೆ ಕೆರಿಬಿಯನ್ ಕಡಲಿನ ನಮ್ಮ ಪುಟ್ಟ ದ್ವೀಪ ಆಂಗ್ವಿಲದಲ್ಲಿ ಎರಡು ಮಾತಿಲ್ಲ. ಬ್ಲೋಯಿಂಗ್ ಪಾಯಿಂಟಿನ ಜೆಟ್ಟಿಯಲ್ಲಿ ನಿಂತು ಅವನು ಒಮ್ಮೆ ಕೂಗಿದರೆ ಸಾಕು, ಫೆರಿಗೆ ಹಾರ್ನೇ ಬೇಡ. ಫೆರಿಯಲ್ಲಿ ಹಗ್ಗ ಎಸೆಯುವುದು, ಪೆಟ್ಟಿಗೆ ಎತ್ತುವುದು, ಅಲೆ ಎದ್ದ ದಿನ ವಾಂತಿ ಮಾಡುವವರಿಗೆ ಚೀಲ ಕೊಡುವುದು, ಇದು ಅವನ ಹೊಟ್ಟೆಪಾಡು. ಆದರೆ ಆಗಸ್ಟಿನಲ್ಲಿ ಹಾಯಿದೋಣಿ ಪಂದ್ಯಗಳು ಶುರುವಾದಾಗಲೇ ಅವನ ನಿಜವಾದ ಬೆಲೆ ಗೊತ್ತಾಗುವುದು. ನಮ್ಮ ದೋಣಿಗಳ ಹಾಯಿ ಎಷ್ಟು ದೊಡ್ಡದೆಂದರೆ, ಚುಕ್ಕಾಣಿ ಹಿಡಿದು ಹಿಂದೆ ಕೂತ ಕ್ಯಾಪ್ಟನ್ನನಿಗೆ ಅದರಾಚೆ ಏನಿದೆ ಎಂಬುದೇ ಕಾಣುವುದಿಲ್ಲ. ಅದಕ್ಕೆ ದೋಣಿಯ ಮುಂಭಾಗದಲ್ಲಿ ಒಬ್ಬ ಬಗ್ಗಿ ಕೂತಿರುತ್ತಾನೆ. ಇನ್ನೊಂದು ದೋಣಿ ಎದುರು ಬಂತೋ, ‘ಹಾರ್ಡ್‌ಲೀ!’ ಎಂದು ಬೊಬ್ಬೆ ಹೊಡೆಯುತ್ತಾನೆ. ಆ ಕೂಗು ಕಿವಿಗೆ ಬಿದ್ದ ಕೂಡಲೇ ಎರಡೂ ದೋಣಿಗಳು ತಿರುಗಬೇಕು, ಕೂಗಿದ್ದೂ ತಿರುಗಬೇಕು, ಕೇಳಿಸಿಕೊಂಡದ್ದೂ ತಿರುಗಬೇಕು. ಯಾರದು ಸರಿ, ಯಾರದು ತಪ್ಪು ಎಂಬ ಜಗಳವೇನಿದ್ದರೂ ದಂಡೆಗೆ ಬಂದ ಮೇಲೆ, ರಮ್ ಕುಡಿಯುತ್ತಾ ಆಡಿಕೊಳ್ಳಬೇಕು.

ಇಂಥ ಆಶ್‌ಬರ್ಟ್ ನಮ್ಮ ದೇಶದ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಕೂಡ. ಇದನ್ನು ಕೇಳಿ ಬೆರಗಾಗಬೇಡಿ. ನಮ್ಮ ಕಡೆಯ ದೇಶಗಳು ಆಡುವ ನೇಷನ್ಸ್ ಲೀಗಿನಲ್ಲಿ ಎ, ಬಿ, ಸಿ ಎಂದು ಮೂರು ದರ್ಜೆಗಳಿವೆ, ನಮ್ಮದು ಸಿ. ಅದರ ಕೆಳಗೆ ಇನ್ನೊಂದು ದರ್ಜೆ ಇಲ್ಲ, ಆದ್ದರಿಂದ ಇಳಿಯುವ ಭಯವಿಲ್ಲ, ಅದೊಂದು ಸಮಾಧಾನ. ದೋಣಿ ಪಂದ್ಯಕ್ಕೆ ಇಡೀ ದ್ವೀಪ ಸಮುದ್ರದ ದಂಡೆಗೆ ಬಂದು ನಿಲ್ಲುತ್ತದೆ. ಫುಟ್‌ಬಾಲಿಗೆ ಆಟಗಾರರ ಮನೆಯವರು ಬರುತ್ತಾರೆ, ಬೇಲಿ ಸಂದಿಯಿಂದ ನಾಲ್ಕು ಆಡುಗಳು ಬರುತ್ತವೆ. ಆಶ್‌ಬರ್ಟ್ ಹುಡುಗನಾಗಿದ್ದಾಗಿನಿಂದ, ಈಗ ತಲೆ ನರೆಯುವವರೆಗೆ ಆ ಗೋಲಿನಲ್ಲಿ ನಿಂತಿದ್ದಾನೆ. ಲೆಕ್ಕಕ್ಕೆ ಬರುವ ಪಂದ್ಯವೊಂದನ್ನೂ ಗೆದ್ದಿಲ್ಲ. ಒಂದೇ ಒಂದನ್ನೂ! ಡ್ರಾ ಆದದ್ದಿದೆ, ಮಳೆ ಬಂದು ನಿಂತದ್ದಿದೆ. ಗೆದ್ದದ್ದಿಲ್ಲ.

“ಬಲೆಗೆ ಬಿದ್ದಿದ್ದನ್ನ ಎತ್ತೋದ್ರಲ್ಲಿ ಐಲ್ಯಾಂಡ್ ಹಾರ್ಬರ್‌ನ ಮೀನುಗಾರ್ರೆಲ್ಲ ಸೇರಿದ್ರೂ ನಿನ್ನ ಸಮ ಬರಲ್ಲ ಮಾರಾಯ,” ಎಂದು ಹೆಂಡತಿ ಐಯೋನಿ ರೇಗಿಸುತ್ತಿದ್ದಳು. ಅವನು ನಗುತ್ತಿದ್ದ. ನಗದೆ ಏನು ಮಾಡುತ್ತಾನೆ, ನಿಜ ತಾನೇ? ಆದರೆ ಆ ವರ್ಷ ಸೆಪ್ಟೆಂಬರಿನಲ್ಲಿ ಕೋಚ್ ಬ್ಯಾಪ್ಟಿಸ್ಟ್ ಅವನನ್ನು ಪಕ್ಕಕ್ಕೆ ಕರೆದು, ಮುಂದಿನ ಸೀಸನ್ನಿಗೆ ಇಂಗ್ಲೆಂಡಿನಿಂದ ಎಳೆಯ ಕೀಪರ್ ಒಬ್ಬ ಬರುತ್ತಾನೆ, ನಿಮ್ಮದು ಇದೇ ಕೊನೆ ಎಂದು ಹೇಳಿದ ಮೇಲೆ ಅವನ ನಗು ಕಡಿಮೆಯಾಯಿತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ, “ಒಂದ್ಸಲ ಕಣೇ. ಒಂದೇ ಒಂದ್ಸಲ ಗೆದ್ದು ಮೈದಾನದಿಂದ ಬರ್ಬೇಕು. ಆಮೇಲೆ ಗ್ಲೌಸನ್ನ ಆಡಿಗೆ ಹಾಕಿದ್ರೂ ಸರಿ.”

ಐಯೋನಿ ಆ ಸಲ ರೇಗಿಸಲಿಲ್ಲ. ಅವನ ತಟ್ಟೆಗೆ ಇನ್ನೊಂದು ಕರಿದ ಜಾನಿಕೇಕ್ ರೊಟ್ಟಿ ಹಾಕಿದಳು.

ಆ ಸೀಸನ್ನಿನಲ್ಲಿ ನಮಗೆ ನಾಲ್ಕು ಪಂದ್ಯಗಳಿದ್ದವು. ಮೊದಲನೆಯದಕ್ಕೆ ಇಂಗ್ಲೆಂಡಿನ ಸ್ಲೌ ಊರಿನಿಂದ ಕೀಟನ್ ಎಂಬ ಹುಡುಗ ಬಂದಿಳಿದ. ನಮ್ಮವರು ಅರ್ಧಕ್ಕರ್ಧ ಹೋಗಿ ನೆಲೆಸಿದ್ದು ಆ ಊರಿನಲ್ಲೇ. ಇವನ ಅಜ್ಜಿ ನಮ್ಮ ದ್ವೀಪದ ಈಸ್ಟ್ ಎಂಡ್ ಹಳ್ಳಿಯವಳು, ಆ ಒಂದು ಎಳೆ ಹಿಡಿದು ಅವನಿಗೆ ನಮ್ಮ ತಂಡದ ಅಂಗಿ ಸಿಕ್ಕಿತು. ಕೋಚ್ ಹೇಳಿದ ಆ ಕೀಪರ್ ಇವನಲ್ಲ; ಬಾಗಿಲಿನಷ್ಟು ಎತ್ತರ, ಒಳ್ಳೆಯ ಡಿಫೆಂಡರ್, ಅದಕ್ಕಿಂತ ಒಳ್ಳೆಯ ನಡತೆ. ಬಂದವನೇ ಆಶ್‌ಬರ್ಟನ ಕೈ ಕುಲುಕಿ, “ನಿಮ್ಮ ಬಗ್ಗೆ ಅಜ್ಜಿ ತುಂಬ ಹೇಳ್ತಿದ್ರು ಅಂಕಲ್,” ಎಂದ.

“ಯಾರಿಗೋ ಅಂಕಲ್ಲು? ಆಶ್ ಅನ್ನು ಸಾಕು.”

“ಸರಿ ಅಂಕಲ್.”

ಆ ಪಂದ್ಯ ಪರಸ್ಥಳದಲ್ಲಿ. ಆಶ್‌ಬರ್ಟ್ ಗೋಲಿನಲ್ಲಿ ನಿಂತರೂ ಬಾಯಿ ಮಾತ್ರ ದೋಣಿಯದೇ. ಚೆಂಡು ಮೇಲಿಂದ ಬಂದು, ತಾನೇ ಹಿಡಿಯುತ್ತೇನೆ, ನೀವು ದಾರಿ ಬಿಡಿ ಎನ್ನಬೇಕಾದಾಗ ಅವನು ‘ಹಾರ್ಡ್‌ಲೀ!’ ಎಂದೇ ಕೂಗುವುದು. ನಮ್ಮ ಡಿಫೆಂಡರುಗಳೆಲ್ಲ ದೋಣಿಯಲ್ಲೇ ಬೆಳೆದವರು. ಕೂಗು ಕೇಳಿದರೆ ಸಾಕು, ಕಾಲು ತಾನಾಗಿ ತಿರುಗುತ್ತದೆ, ಯೋಚನೆ ಮಾಡುವುದೇ ಬೇಡ. ಕೀಟನ್ನನಿಗೆ ಏನು ಗೊತ್ತು ಪಾಪ! ಅವನಿಗೆ ಕೇಳಿಸಿದ್ದು ‘ಹಾರ್ಡ್ಲಿ’. ಅವನೂರಿನಲ್ಲಿ ಅದಕ್ಕೆ ‘ಎಲ್ಲೋ ಅಪರೂಪಕ್ಕೆ’, ‘ಇಲ್ಲವೆಂದರೂ ಸರಿ’ ಎಂದು ಅರ್ಥ. ಏನು ಅಪರೂಪಕ್ಕೆ ಎಂದು ಹಿಂತಿರುಗಿ ನೋಡುತ್ತಾ ಅಲ್ಲೇ ನಿಂತ. ಆಶ್‌ಬರ್ಟ್ ಓಡಿ ಬಂದವನು ನೇರ ಅವನ ಬೆನ್ನಿಗೆ ಗುದ್ದಿದ. ಇಬ್ಬರೂ ನೆಲಕ್ಕೆ ಬಿದ್ದರು, ಚೆಂಡು ಮೆಲ್ಲಗೆ ಉರುಳಿಕೊಂಡು ಒಳಗೆ ಹೋಯಿತು.

“ದಾರಿ ಬಿಡು ಅಂದ್ನಲ್ಲೋ, ಕಿವಿ ಕೇಳ್ಸಲ್ವಾ?”

“ನೀವು ಹಾರ್ಡ್ಲಿ ಅಂದ್ರಿ! ಹಾರ್ಡ್ಲಿ ಏನು ಅಂತ ನಾನು ಕಾಯ್ತಾ ಇದ್ದೆ!”

ಬಿದ್ದಲ್ಲೇ ಶುರುವಾದ ಈ ಸಂಭಾಷಣೆ ಕೇಳಿ ಎದುರಾಳಿಗಳೇ ನಕ್ಕರಂತೆ. ಕೋಚ್ ಬ್ಯಾಪ್ಟಿಸ್ಟ್ ನಗಲಿಲ್ಲ. ಅವರು ಟ್ರಿನಿಡಾಡಿನವರು, ಮಾತು ಕಡಿಮೆ. “ಹನ್ನೊಂದು ಜನಕ್ಕೂ ಅರ್ಥ ಆಗೋ ಮಾತಾಡಿ ಆಶ್. ದೋಣಿ ಭಾಷೆ ಇನ್ನು ಬೇಡ,” ಎಂದರು. ಅವರ ಮಾತು ಸರಿಯೇ. ಆದರೆ ಬಾಯಿ ಕೇಳಬೇಕಲ್ಲ? ಮುಂದಿನ ಎರಡು ಪಂದ್ಯಗಳಲ್ಲಿ ‘ಕೀಪರ್’ ಎಂದು ಕೂಗಲು ಹೋಗಿ ಆಶ್‌ಬರ್ಟನ ನಾಲಿಗೆ ತಡವರಿಸಿತು. ಒಮ್ಮೆ ‘ಹಾ’ ಎಂದು ಶುರು ಮಾಡಿ ಅಲ್ಲೇ ನುಂಗಿಕೊಂಡ. ಆ ಒಂದು ಕ್ಷಣ ಸಾಕಾಯಿತು ಎದುರಿನವರಿಗೆ. ಮೊದಲನೆಯದರಂತೆ ಆ ಎರಡೂ ಪಂದ್ಯ ಸೋತೆವು. ಇನ್ನು ಉಳಿದದ್ದು ಒಂದೇ, ನವೆಂಬರಿನಲ್ಲಿ, ನಮ್ಮದೇ ಮೈದಾನದಲ್ಲಿ, ಕಡಲಾಚೆ ಕಾಣುವ ಎದುರು ದಡದವರ ಮೇಲೆ.

ಪಂದ್ಯಕ್ಕೆ ವಾರವಿದ್ದಾಗ ಕೀಟನ್ ಇಂಗ್ಲೆಂಡಿನಿಂದ ಮತ್ತೆ ಬಂದಿಳಿದವನೇ ಸೀದಾ ಜೆಟ್ಟಿಗೆ ಬಂದ. “ಅಂಕಲ್, ನನ್ನನ್ನ ದೋಣೀಲಿ ಕರ್ಕೊಂಡು ಹೋಗಿ.”

“ಯಾಕೆ, ಟೂರಿಸ್ಟ್ ಆಗ್ಬಿಟ್ಯಾ?”

“ಆ ಪದ ಕಲೀಬೇಕು. ನನ್ನಿಂದ ನಿಮ್ಮ ಬಾಯಿ ಕಟ್ಟೋಯ್ತು.”

ಅಷ್ಟು ದೂರದಿಂದ ಬಂದ ಹುಡುಗ, ಬೇಕಿದ್ದರೆ ಹೋಟೆಲಿನಲ್ಲಿ ಕಾಲು ಚಾಚಿ ಮಲಗಬಹುದಿತ್ತು. ಮರುದಿನವೇ ಸ್ಯಾಂಡಿ ಗ್ರೌಂಡ್ ಕಡಲತೀರದಿಂದ ದೋಣಿ ಇಳಿಸಿದರು. ಜೊತೆಗೆ ಅಭ್ಯಾಸಕ್ಕೆಂದು ಇನ್ನೊಂದು ದೋಣಿಯೂ ಬಂತು. ಕೀಟನ್ ಮೊದಲರ್ಧ ಗಂಟೆ ಸಮುದ್ರಕ್ಕೆ ತನ್ನ ಬೆಳಗಿನ ತಿಂಡಿ ಒಪ್ಪಿಸಿದ. ಆಮೇಲೆ ಸುಧಾರಿಸಿಕೊಂಡು ಆಶ್‌ಬರ್ಟನ ಪಕ್ಕ ಬಂದು ಬಗ್ಗಿ ಕೂತ. ಎದುರು ದೋಣಿ ನುಗ್ಗಿ ಬರುವುದು, ಆಶ್‌ಬರ್ಟನ ಕೂಗು, ಎರಡೂ ಹಾಯಿಗಳು ಫಟ್ಟೆಂದು ಮಗ್ಗುಲು ಬದಲಿಸುವುದು, ಎಲ್ಲವನ್ನೂ ಬಾಯಿ ತೆರೆದು ನೋಡಿದ. ಆಮೇಲೆ ಅವನೇ ಕೂಗಿ ನೋಡಿದ. ಮೊದಲು ಕೋಳಿಮರಿಯ ಹಾಗೆ ಬಂತು, ಹಿಂದೆ ಕೂತವರೆಲ್ಲ ನಕ್ಕರು. ನಾಲ್ಕೈದು ಸಲ ಆದ ಮೇಲೆ ಗಟ್ಟಿಯಾಯಿತು.

ದಂಡೆಗೆ ಮರಳುವಾಗ ಕೇಳಿದ, “ಇಲ್ಲಿ ಕೂಗಿದವರೂ ತಿರುಗ್ಬೇಕು, ಅಲ್ವಾ ಅಂಕಲ್?”

“ಮತ್ತೆ? ಇಲ್ದಿದ್ರೆ ಡಿಕ್ಕಿ ಹೊಡೆಯುತ್ತಲ್ಲೋ.”

“ಆದ್ರೆ ಮೈದಾನದಲ್ಲಿ ನೀವು ಕೂಗ್ತೀರಿ, ನಾವು ಮಾತ್ರ ತಿರುಗ್ತೀವಿ. ನೀವು ತಿರುಗೋದೇ ಇಲ್ವಲ್ಲ?”

“ಗೋಲ್‌ಕೀಪರ್ ತಿರುಗಿದ್ರೆ ಗೋಲ್ ಯಾರು ಕಾಯ್ತಾರೆ, ನಿಮ್ಮಜ್ಜಿನಾ?” ಎಂದು ಆಶ್‌ಬರ್ಟ್ ಬಾಯಿ ಮುಚ್ಚಿಸಿದ. ಆದರೆ ಹುಡುಗ ಕುಹಕಕ್ಕೆ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಆ ಪ್ರಶ್ನೆ ಆಶ್‌ಬರ್ಟನ ತಲೆಯಲ್ಲಿ ಕೂತುಬಿಟ್ಟಿತು. ಇಷ್ಟು ವರ್ಷ ಅವನು ಕೂಗಿದವನೇ ಹೊರತು, ಅವನಿಗೆ ಆ ಮಾತನ್ನು ಮೈದಾನದಲ್ಲಿ ಕೂಗಿದವರು ಯಾರೂ ಇರಲಿಲ್ಲ.

ಪಂದ್ಯದ ದಿನ ಮಧ್ಯಾಹ್ನ ಎಂದೂ ಇಲ್ಲದಷ್ಟು ಜನ ಸೇರಿದ್ದರು. ಆಶ್‌ಬರ್ಟನದು ಕೊನೆಯ ಆಟ ಎಂಬ ಸುದ್ದಿ ದೋಣಿಯವರಿಗೆಲ್ಲ ಮುಟ್ಟಿತ್ತು. ರಸ್ತೆ ಬದಿಯಲ್ಲಿ ಮಾಂಸ ಸುಡುವ ಡ್ರಮ್ಮುಗಳ ಹೊಗೆ ಮೈದಾನದವರೆಗೂ ಬರುತ್ತಿತ್ತು. ಕೋಚೂ ಮನಸ್ಸು ಬದಲಿಸಿದ್ದರು. ಎಲ್ಲರಿಗೂ ಗೊತ್ತಾದ ಮೇಲೆ ಯಾವ ಪದವಾದರೇನು, ಕೂಗಿ ಎಂದಿದ್ದರು. ಕೂಗಿದ ನೋಡಿ ಆಶ್‌ಬರ್ಟ್! ಕಟ್ಟು ಬಿಚ್ಚಿದ ಹಾಗೆ ಕೂಗಿದ. ಬಂದ ಚೆಂಡನ್ನೆಲ್ಲ ಹಣ್ಣು ಕಿತ್ತ ಹಾಗೆ ಹಿಡಿದ. ವಿರಾಮದ ನಂತರ ಕಾರ್ನರ್ ಒಂದರಿಂದ ನಮಗೆ ಗೋಲೂ ಬಂತು. ಐಯೋನಿ ಪಕ್ಕದವಳ ಹೆಗಲು ಹಿಡಿದು ಅಲ್ಲಾಡಿಸಿದ್ದಕ್ಕೆ ಅವಳ ಟೋಪಿ ಬಿದ್ದುಹೋಯಿತು.

ಇನ್ನೇನು ಮುಗಿಯಬೇಕು, ಎಲ್ಲರೂ ರೆಫರಿಯ ಬಾಯನ್ನೇ ನೋಡುತ್ತಿದ್ದಾರೆ. ಆಗ ಬಲಗಡೆಯಿಂದ ಉದ್ದನೆಯ ಚೆಂಡೊಂದು ಬಂತು. ಗಾಳಿಗೆ ಸಿಕ್ಕಿ ಪೆನಾಲ್ಟಿ ಚುಕ್ಕೆಯ ಕಡೆ ಇಳಿಯತೊಡಗಿತು. ಕೀಟನ್ ಅದಕ್ಕೆ ಎದುರಾಗಿಯೇ ನಿಂತಿದ್ದ, ತಲೆಯಿಂದ ಹೊಡೆದು ಆಚೆ ಅಟ್ಟುವುದು ಅವನಿಗೆ ಮಕ್ಕಳಾಟ. ಆದರೆ ಆಶ್‌ಬರ್ಟ್ ಆಗಲೇ ಗೆರೆ ಬಿಟ್ಟು ಓಡಿ ಬರುತ್ತಿದ್ದ. ಕೀಟನ್ ಅದನ್ನು ಕಂಡ. ಕಂಡು, ಕಲಿತ ಹಾಗೆಯೇ, ಗಂಟಲು ಹರಿಯುವಂತೆ ಕೂಗಿದ: “ಹಾರ್ಡ್‌ಲೀ!”

ಆಶ್‌ಬರ್ಟನಿಗೆ ಕೇಳಿಸಿತು. ಕೇಳಿಸದೆ ಇರುವ ಮಾತೇ ಇಲ್ಲ, ಮೈದಾನದಾಚೆಯ ಆಡುಗಳಿಗೂ ಕೇಳಿಸಿತು. ಅವನ ಎಡಗಾಲು ತಿರುಗಲು ಹೊರಟದ್ದೂ ನಿಜ. ಆದರೆ ಮನಸ್ಸು ಬೇಡವೆಂದಿತು. ಈ ಚೆಂಡು ತನ್ನದು. ಸೋತ ಅಷ್ಟೂ ಪಂದ್ಯಗಳಲ್ಲಿ ಬಲೆಯಿಂದ ಎತ್ತಿ ತಂದವನು ತಾನು, ಗೆಲ್ಲುವ ಪಂದ್ಯದ ಕೊನೆಯ ಚೆಂಡು ತನ್ನ ಕೈಯಲ್ಲೇ ಇರಬೇಕು. ಅವನು ತಿರುಗಲಿಲ್ಲ. ಎಗರಿದ. ಅವನ ಮುಷ್ಟಿ, ಕೀಟನ್ನನ ಹಣೆ, ಚೆಂಡು, ಮೂರೂ ಒಟ್ಟಿಗೆ ಸೇರಿದವು. ಚೆಂಡು ಕೆಳಗೆ ಬಿದ್ದಲ್ಲಿ ಎದುರು ದಡದವನೊಬ್ಬ ಸುಮ್ಮನೆ ನಿಂತಿದ್ದ. ಅವನು ಕಾಲು ಮುಟ್ಟಿಸಿದ ಅಷ್ಟೇ. ಮತ್ತೆ ಆಟ ಶುರುವಾಗುವಷ್ಟರಲ್ಲಿ ಸೀಟಿ ಊದಿದರು. ಒಂದಕ್ಕೊಂದು, ಸಮ.

ಎಲ್ಲರೂ ಬಟ್ಟೆ ಬದಲಿಸುವ ಕೋಣೆಗೆ ಬಂದರು. ಕೀಟನ್ನನ ಹುಬ್ಬಿನ ಮೇಲೆ ನಿಂಬೆಹಣ್ಣಿನಷ್ಟು ಬಾವು. ಕೋಚ್ ಬ್ಯಾಪ್ಟಿಸ್ಟ್ ಅವನ ಮುಂದೆ ಹೋಗಿ ನಿಂತರು. ಮಾತು ಕಡಿಮೆಯ ಮನುಷ್ಯನಿಗೂ ಅವತ್ತು ತಡೆಯಲಾಗಲಿಲ್ಲ. “ಕೀಪರ್ ಬಂದ್ಮೇಲೆ ಬಿಟ್ಬಿಡ್ಬೇಕು ಅನ್ನೋದು ಸ್ಕೂಲ್ ಹುಡುಗ್ರಿಗೂ ಗೊತ್ತು. ನಿಂಗ್ಯಾರು ಹೇಳಿದ್ದು ಎಗರೋಕೆ? ಆ ಮನುಷ್ಯನ ಕೊನೆ ಆಟ ಹಾಳ್ಮಾಡ್ದೆ!”

“ನನ್ನದೇ ತಪ್ಪು ಕೋಚ್,” ಎಂದ ಕೀಟನ್. ತಲೆ ಎತ್ತಲಿಲ್ಲ.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಶ್‌ಬರ್ಟನಿಗೆ ಅದೂ ಗೊತ್ತಿತ್ತು. ಇಡೀ ದ್ವೀಪ ಅವನ ಪರವಾಗಿ ಅಯ್ಯೋ ಎನ್ನುತ್ತಿತ್ತು, ಹುಡುಗ ಸ್ಲೌಗೆ ಹೋಗಿ ಎಲ್ಲ ಮರೆಯುತ್ತಿದ್ದ. ಅವನು ಬೆಂಚಿನ ಮೇಲೆ ಕೂತು ಗ್ಲೌಸಿನ ಪಟ್ಟಿಯನ್ನು ಸುಮ್ಮನೆ ಬಿಚ್ಚುತ್ತಿದ್ದ, ಹಾಕುತ್ತಿದ್ದ. ಆಮೇಲೆ ಎದ್ದು ನಿಂತ.

“ಅವ್ನು ಕೂಗ್ದ,” ಎಂದ. ಅಷ್ಟು ದೊಡ್ಡ ಗಂಟಲು, ಪಕ್ಕದವನಿಗಷ್ಟೇ ಕೇಳಿಸಿತು. ಕೆಮ್ಮಿ ಮತ್ತೆ ಹೇಳಿದ, “ಅವ್ನು ಹಾರ್ಡ್‌ಲೀ ಅಂತ ಕೂಗ್ದ ಕೋಚ್. ನಂಗೆ ಕೇಳಿಸ್ತು. ಚೆನ್ನಾಗೇ ಕೇಳಿಸ್ತು. ನಾನು ತಿರುಗ್ಲಿಲ್ಲ.”

ಇದನ್ನು ದೋಣಿಯವರ ಮುಂದೆ ಒಪ್ಪಿಕೊಳ್ಳುವುದೆಂದರೆ ಏನು ಎಂಬುದು ಕೋಚಿಗೆ ಗೊತ್ತಿರಲಿಕ್ಕಿಲ್ಲ. ಕೋಣೆಯಲ್ಲಿದ್ದ ನಮ್ಮ ಹುಡುಗರಿಗೆ ಗೊತ್ತಿತ್ತು. ಒಬ್ಬೊಬ್ಬರೂ ನೆಲ ನೋಡಿದರು. ಸಮುದ್ರದಲ್ಲಿ ಕೂಗು ಕೇಳಿಯೂ ತಿರುಗದವನ ಜೊತೆ ನಾಳೆ ಯಾರೂ ದೋಣಿ ಹತ್ತುವುದಿಲ್ಲ. ಆಶ್‌ಬರ್ಟ್ ಕೀಟನ್ನನ ಎದುರು ಬಂದು ಕುಕ್ಕರಗಾಲಲ್ಲಿ ಕೂತು, ಹುಬ್ಬಿನ ಮೇಲೆ ಮಂಜುಗಡ್ಡೆ ಇಟ್ಟು ಒತ್ತಿ ಹಿಡಿದ.

“ನೋವಾಗ್ತಿದ್ಯಾ?”

“ಹೂಂ, ಅಂಕಲ್.”

“ಆಗ್ಲಿ, ಅಲ್ಲಾಡ್ಬೇಡ.”

ಮುಂದಿನ ಸೆಪ್ಟೆಂಬರ್ ಬಂತು. ಅದೇ ಸಿ ದರ್ಜೆ, ಹೊಸ ಕೀಪರ್. ಮೊದಲ ಪಂದ್ಯದ ದಿನ ಆಶ್‌ಬರ್ಟ್ ಫೆರಿಯಲ್ಲಿದ್ದ. ಡ್ಯೂಟಿ ಇದೆ ಎಂದು ಐಯೋನಿಗೆ ಹೇಳಿದ್ದ. ಇರಲಿಲ್ಲ, ಬೇರೆಯವನ ಡ್ಯೂಟಿಯನ್ನು ಕೇಳಿ ಪಡೆದಿದ್ದ. ಕ್ಯಾಪ್ಟನ್ನನ ಪಕ್ಕದಲ್ಲಿದ್ದ ರೇಡಿಯೋ ಕಡಲ ನಡುವೆ ಕರಕರ ಎನ್ನುತ್ತಿತ್ತು. ಆಶ್‌ಬರ್ಟ್ ಹಗ್ಗ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಅರ್ಧ ದಾರಿಯಲ್ಲಿ ರೇಡಿಯೋದವನು ಹುಚ್ಚನಂತೆ ಕಿರುಚಿದ. ಗೆದ್ದಿದ್ದರು. ಕ್ಯಾಪ್ಟನ್ ಹಾರ್ನ್ ಒತ್ತಿಯೇ ಒತ್ತಿದ, ಒಳಗೆ ಕೂತ ನಮ್ಮವರೆಲ್ಲ ಚಪ್ಪಾಳೆ ಹೊಡೆದರು.

ಸಂತೆಯ ಚೀಲಗಳ ನಡುವೆ ಕೂತಿದ್ದ ಮುದುಕಿಯೊಬ್ಬಳು ಕೂಗಿ ಹೇಳಿದಳು, “ಅಲ್ವೋ ಆಶ್, ಹಾಗಾದ್ರೆ ಇಷ್ಟು ವರ್ಷ ನೀನೇ ಅಡ್ಡ ನಿಂತಿದ್ದೆ ಅನ್ನು!”

ಫೆರಿಯೇ ಬಿದ್ದು ಬಿದ್ದು ನಕ್ಕಿತು. ಆಶ್‌ಬರ್ಟನೂ ನಕ್ಕ. ನಗುತ್ತಲೇ ಮುಂಭಾಗಕ್ಕೆ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ನಿಂತ. ಅಳು ಬಂತು. ಸಂತೋಷಕ್ಕೂ ಬಂತು, ಹೊಟ್ಟೆಕಿಚ್ಚಿಗೂ ಬಂತು. ಯಾವುದು ಎಷ್ಟು ಎಂದು ಬಿಡಿಸಲು ಅವನಿಂದ ಆಗಲಿಲ್ಲ. ಜೆಟ್ಟಿ ಹತ್ತಿರ ಬರುತ್ತಿತ್ತು. ಅಲ್ಲಿ ಟಿಕೆಟ್ ಹಿಡಿದು ಸಾಲು ನಿಂತವರು ಹಾರ್ನ್ ಕೇಳಿ ಕೈ ಬೀಸುತ್ತಿದ್ದರು. ಯಾರೋ ಒಬ್ಬ ಬಾಯಿಗೆ ಎರಡೂ ಕೈ ಇಟ್ಟು ಕೂಗಿದ:

“ಆಶ್! ಏನಾಯ್ತೋ? ಗೆದ್ರಾ?”

ಆಶ್‌ಬರ್ಟ್ ಮುಖ ಒರೆಸಿಕೊಂಡು, ಹಗ್ಗವನ್ನು ತಲೆಯ ಮೇಲೆ ಒಂದು ಸುತ್ತು ತಿರುಗಿಸಿ ಎಸೆದ.

“ಗೆದ್ವಿ ಕಣೋ!” ಎಂದ.